‘ಊರು ಮಂಕಾಯಿತು’ ಎಂದರೆ ದುಃಖವೋ ದಡ್ಡತನವೋ? ಗುರುವಾರದೊಳಗೆ ತೀರ್ಮಾನವಾಗಬೇಕು

ಕಡೇ ಬೆಂಚು, ಚಿಂತಾಮಣಿ:
ಎಲ್ಲರಿಗೂ ನಮಸ್ಕಾರ. ನಮ್ಮ ಹಳ್ಳಿಯ ಪ್ರೌಢಶಾಲೆಯಲ್ಲಿ ಬಹುಕಾಲ ಗಣಿತ ಕಲಿಸಿದ ಮೇಷ್ಟ್ರು ಕಳೆದ ತಿಂಗಳು ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳು ಸೇರಿ ನುಡಿನಮನದ ಒಂದು ಸಣ್ಣ ಪುಸ್ತಿಕೆಯನ್ನು ಅಚ್ಚು ಹಾಕಿಸುತ್ತಿದ್ದೇವೆ. ಅದರ ಮೊದಲ ಎರಡು ಪುಟ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಬರೆದ ಒಂದು ಸಾಲು ಹೀಗಿದೆ: ‘ಮೇಷ್ಟ್ರು ಹೋದ ಮೇಲೆ ಅವರ ಮನೆಯ ಜಗುಲಿ ಮಂಕಾಯಿತು, ಊರು ಮಂಕಾಯಿತು, ನಾವೂ ಮಂಕಾದೆವು.’

ಕರಡು ತಿದ್ದುತ್ತಿರುವ ಹಿರಿಯರೊಬ್ಬರು ಈ ಸಾಲಿಗೆ ಕೆಂಪು ಮಸಿಯಲ್ಲಿ ಗೆರೆ ಎಳೆದು, ‘ಮಂಕು ಎಂದರೆ ದಡ್ಡತನ. ಗಣಿತದ ಮೇಷ್ಟ್ರು ಹೋದ ಕೂಡಲೇ ಊರಿಗೆ ಊರೇ ದಡ್ಡವಾಯಿತೇ?’ ಎಂದು ಅಂಚಿನಲ್ಲಿ ಬರೆದಿದ್ದಾರೆ. ಮೂರೂ ಕಡೆ ‘ವಿಷಣ್ಣ’ ಎಂದು ತಿದ್ದಿದ್ದಾರೆ. ನಮ್ಮ ಮನೆಯಲ್ಲಿ ‘ಯಾಕೋ ಮಂಕಾಗಿದ್ದೀಯಲ್ಲ’ ಎಂದು ಅಮ್ಮ ಕೇಳಿದರೆ, ನಾನು ಬೇಸರದಲ್ಲಿದ್ದೇನೆ ಎಂದು ಆಕೆಗೆ ಗೊತ್ತಾಗಿದೆ ಎಂದೇ ಅರ್ಥ. ಆಕೆ ನನ್ನನ್ನು ದಡ್ಡ ಎಂದು ಕರೆದಳೆಂದು ನಾನು ಎಂದೂ ತಿಳಿದವನಲ್ಲ. ಆದರೆ ಹಿರಿಯರ ಎದುರು ವಾದಿಸಲು ‘ಅಮ್ಮ ಹಾಗೆ ಹೇಳುತ್ತಾಳೆ’ ಎಂಬುದೊಂದೇ ಆಧಾರವಾದರೆ ಸಾಲದು. ಗುರುವಾರ ಪುಸ್ತಿಕೆ ಅಚ್ಚಿಗೆ ಹೋಗುತ್ತದೆ. ತಿಳಿದವರು ಹೇಳಬೇಕು.

ಹುಣಸೆತೋಪು, ಸಿರಾ:
ಬದಲಿಸಬೇಡಿ. ‘ಜಗುಲಿ ವಿಷಣ್ಣವಾಯಿತು’ ಎಂದು ಅಚ್ಚಾದರೆ ಮೇಷ್ಟ್ರೇ ಎದ್ದು ಬಂದು ನಿಮ್ಮ ಕಿವಿ ಹಿಂಡಿಯಾರು.

ನಿವೃತ್ತ ಉಪನ್ಯಾಸಕ, ತುಮಕೂರು:
ತಮಾಷೆ ಒಂದು ಕಡೆಗಿರಲಿ. ಕರಡು ತಿದ್ದಿದ ಹಿರಿಯರ ಆಕ್ಷೇಪಣೆಯಲ್ಲಿ ಹುರುಳಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಕಿಟೆಲ್ ಅವರ 1894ರ ನಿಘಂಟನ್ನು ತೆರೆದರೆ ‘ಮಂಕು’ ಶಬ್ದಕ್ಕೆ ಮಸುಕು, ಕಾಂತಿಹೀನತೆ ಎಂಬ ಅರ್ಥಗಳ ಜೊತೆಗೇ ಬುದ್ಧಿಮಾಂದ್ಯದ ಅರ್ಥವೂ ದೊರೆಯುತ್ತದೆ. ಬಳಕೆಯಲ್ಲಿರುವ ಸಮಾಸಗಳನ್ನು ನೋಡಿ: ಮಂಕುಬುದ್ಧಿ, ಮಂಕುಬೂದಿ, ಮಂಕುತಿಮ್ಮ. ‘ಜನರಿಗೆ ಮಂಕುಬೂದಿ ಎರಚಿದರು’ ಎಂದರೆ ಜನರನ್ನು ದುಃಖಕ್ಕೆ ಈಡುಮಾಡಿದರು ಎಂದು ಯಾರೂ ತಿಳಿಯುವುದಿಲ್ಲ. ಅವರ ವಿವೇಕವನ್ನು ಕೆಡಿಸಿ ವಂಚಿಸಿದರು ಎಂದೇ ತಿಳಿಯುತ್ತಾರೆ. ಶ್ರದ್ಧಾಂಜಲಿಯ ಬರಹದಲ್ಲಿ ಎರಡರ್ಥಕ್ಕೆ ಎಡೆಕೊಡುವ ಶಬ್ದ ಏಕೆ ಬೇಕು? ‘ವಿಷಣ್ಣ’ ಬೇಡವಾದರೆ ‘ಮ್ಲಾನ’ ಇದೆ, ‘ಖಿನ್ನ’ ಇದೆ. ಇವು ಶಿಷ್ಟವೂ ಹೌದು, ಸ್ಪಷ್ಟವೂ ಹೌದು.

ಮುಳಬಾಗಿಲು ದೋಸೆ:
ಉಪನ್ಯಾಸಕರೇ, ತಿಮ್ಮನನ್ನು ಕರೆತಂದಿದ್ದೀರಿ, ಹಾಗಾಗಿ ನಮ್ಮ ಊರಿನವರು ಮಾತನಾಡಲೇಬೇಕಾಗಿದೆ. ಡಿ. ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಇದೇ ಮುಳಬಾಗಿಲಿನಲ್ಲಿ. 1943ರಲ್ಲಿ ಅವರ ಕಗ್ಗ ಪ್ರಕಟವಾದ ಮೇಲೆ ಈ ಶಬ್ದ ರಾಜ್ಯದ ಮನೆಮನೆಗೂ ಹೋಯಿತು. ಅಲ್ಲಿ ಪದ್ಯದ ಕೊನೆಗೆ ಬರುವ ‘ಮಂಕುತಿಮ್ಮ’ ಎಂಬ ಕರೆಯಲ್ಲಿ ದಡ್ಡನ ಅರ್ಥ ಇಲ್ಲವೆಂದು ನಾನು ಹೇಳಲಾರೆ, ಇದೆ. ಆದರೆ ಅದು ಬಿಂಕವಿಲ್ಲದ ಮನುಷ್ಯ ತನಗೆ ತಾನೇ ಇಟ್ಟುಕೊಂಡ ಹೆಸರು, ಬೈಗುಳವಲ್ಲ.

ಇನ್ನೊಂದು ಮಾತು. ಹೆಸರಿನ ಹಿಂದೆ ಬಂದ ‘ಮಂಕು’ ಬೇರೆ, ವಾಕ್ಯದ ಕೊನೆಗೆ ಬಂದ ‘ಮಂಕಾಯಿತು’ ಬೇರೆ. ‘ಹುಳಿತಿಮ್ಮ’ ಎಂದು ಯಾರಿಗಾದರೂ ಅಡ್ಡಹೆಸರಿಟ್ಟರೆ ಅದು ಕೀಟಲೆ. ‘ಮಜ್ಜಿಗೆ ಹುಳಿಯಾಯಿತು’ ಎಂದರೆ ಅದರಲ್ಲಿ ಯಾರ ಕೀಟಲೆಯೂ ಇಲ್ಲ.

ನಿವೃತ್ತ ಉಪನ್ಯಾಸಕ, ತುಮಕೂರು:
ದೋಸೆಯವರೇ, ಹೋಲಿಕೆ ಚೆನ್ನಾಗಿದೆ, ಆದರೆ ಮಜ್ಜಿಗೆಗೆ ಬುದ್ಧಿ ಇಲ್ಲ. ‘ನಾವೂ ಮಂಕಾದೆವು’ ಎಂಬಲ್ಲಿ ಕರ್ತೃಗಳು ಮನುಷ್ಯರು. ತೊಡಕಿರುವುದು ಅಲ್ಲಿ.

ಪಶುವೈದ್ಯ, ಗೌರಿಬಿದನೂರು:
ಭಾಷಾ ಪಂಡಿತರ ನಡುವೆ ದನದ ಡಾಕ್ಟರು ಮೂಗು ತೂರಿಸುತ್ತಿರುವುದಕ್ಕೆ ಕ್ಷಮೆ ಇರಲಿ. ನಾನು ದಿನಕ್ಕೆ ಹತ್ತು ಬಾರಿಯಾದರೂ ಕೇಳುವ ಶಬ್ದ ಇದು. ‘ಸಾರ್, ಕುರಿ ಬೆಳಗಿನಿಂದ ಮಂಕಾಗಿ ನಿಂತೈತೆ’, ‘ಕೋಳಿ ಮಂಕಾಗಿ ಮೂಲೆ ಹಿಡಿದೈತೆ’ ಎಂದು ರೈತರು ಬರುತ್ತಾರೆ. ರೋಗಲಕ್ಷಣಗಳನ್ನು ತಿಳಿಸುವ ನಮ್ಮ ಕನ್ನಡ ಕರಪತ್ರಗಳಲ್ಲಿಯೂ ‘ಜ್ವರ, ಮೇವು ಬಿಡುವುದು, ಮಂಕಾಗಿರುವುದು’ ಎಂದೇ ಅಚ್ಚಾಗಿರುತ್ತದೆ. ಕುರಿಗೆ ಜ್ವರ ಬಂದಾಗ ಅದರ ಬುದ್ಧಿಶಕ್ತಿ ಕಡಿಮೆಯಾಯಿತೇ ಎಂದು ಅಳೆದು ನೋಡಿದವರು ಯಾರೂ ಇಲ್ಲ. ನೆಲ ನೋಡುತ್ತಾ ನಿಲ್ಲುತ್ತದೆ, ಕಿವಿ ಜೋತು ಬೀಳುತ್ತದೆ, ಕಣ್ಣಿನ ಹೊಳಪು ಹೋಗುತ್ತದೆ, ಮಂದೆಯಿಂದ ಒಂದು ಮಾರು ದೂರ ಉಳಿಯುತ್ತದೆ. ಇಷ್ಟನ್ನೂ ರೈತ ಒಂದೇ ಶಬ್ದದಲ್ಲಿ ಹೇಳಿ ಮುಗಿಸುತ್ತಾನೆ. ‘ಸಾರ್, ಕುರಿ ಖಿನ್ನವಾಗಿದೆ’ ಎಂದು ಯಾರಾದರೂ ಬಂದರೆ ನಾನು ಮೊದಲು ಆ ರೈತನ ನಾಡಿ ಹಿಡಿದು ನೋಡುತ್ತೇನೆ.

ಹುಣಸೆತೋಪು, ಸಿರಾ:
ನಾಡಿ ಹಿಡಿಯುವ ಮಾತಿಗೆ ನಕ್ಕು ಸಾಕಾಯಿತು. ಆದರೂ ಕುರಿಯ ಸಾಕ್ಷ್ಯವನ್ನು ಹಿರಿಯರು ಒಪ್ಪುವರೇ ಎಂಬುದು ನನಗೆ ಅನುಮಾನ.

ಗಡಿಮನೆ, ಪಾವಗಡ:
ನಮ್ಮ ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರದ ನೆಲವೇ ಇರುವುದರಿಂದ ನಮ್ಮ ಮನೆಗಳಲ್ಲಿ ಒಂದೇ ವಾಕ್ಯದೊಳಗೆ ಎರಡು ಭಾಷೆ ನಡೆಯುತ್ತದೆ. ಈ ಶಬ್ದದಿಂದ ನನ್ನ ಮದುವೆಯ ಹೊಸದರಲ್ಲಿ ದೊಡ್ಡ ಅನಾಹುತವೇ ಆಗುವುದರಲ್ಲಿತ್ತು. ನನ್ನ ಹೆಂಡತಿ ಗಡಿಯ ಆಚೆಯವಳು. ತವರಿನಿಂದ ಬಂದ ಮೊದಲ ವಾರ ಆಕೆ ಸುಮ್ಮನೆ ಕುಳಿತಿದ್ದಾಗ ನಮ್ಮ ಅಮ್ಮ ಮರುಕದಿಂದ ‘ಹುಡುಗಿ ಮಂಕಾಗವಳೆ ಕಣೋ’ ಎಂದರು. ತೆಲುಗಿನಲ್ಲಿ ‘ಮಂಕು’ ಎಂದರೆ ಹಠ. ‘ಮಂಕುಪಟ್ಟು’ ಎಂದರೆ ಬಿಡದ ಮೊಂಡುಹಠ. ಬಂದ ವಾರದಲ್ಲೇ ಅತ್ತೆ ತನ್ನನ್ನು ಹಠಮಾರಿ ಎಂದರೆಂದು ಆಕೆ ರಾತ್ರಿ ಊಟ ಬಿಟ್ಟಳು. ಊಟ ಬಿಟ್ಟದ್ದನ್ನು ನೋಡಿ ಅಮ್ಮ ‘ಇನ್ನೂ ಮಂಕಾದಳಲ್ಲ’ ಎಂದರು. ಇಬ್ಬರಿಗೂ ಅರ್ಥ ಬಿಡಿಸಿ ಹೇಳುವ ಹೊತ್ತಿಗೆ ನಾನು ಮಂಕಾಗಿದ್ದೆ, ಮೂರೂ ಅರ್ಥಗಳಲ್ಲಿ.

‘ಮಬ್ಬು’ ಎಂಬುದೂ ಹೀಗೆಯೇ. ತೆಲುಗಿನವರಿಗೆ ಅದು ಆಕಾಶದ ಮೋಡ. ನಮಗೆ ಕತ್ತಲೆ, ತೂಕಡಿಕೆ, ಕಣ್ಣಿನ ಮಸುಕು.

ಮಾರಿಕುಪ್ಪಂ ರೈಲು, ಕೆಜಿಎಫ್:
ತಮಿಳಿನ ಪಾಲನ್ನೂ ಸೇರಿಸುತ್ತೇನೆ. ನಮ್ಮಲ್ಲಿ ‘ಮಂಗು’ ಎಂಬುದು ಕ್ರಿಯಾಪದ: ಹೊಳಪು ಕಳೆದುಕೊಳ್ಳುವುದು, ಬೆಳಕು ಇಳಿಯುವುದು. ನಿಮ್ಮ ‘ಮಂಕು’ವಿನ ನಂಟಿನ ಶಬ್ದವೇ ಅದು. ನನ್ನ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಆ ಗಣಿಯಲ್ಲಿ ಇಳಿದವರಿಗೆ ಕತ್ತಲೆಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಆದರೆ ಅವರು ಆ ಕತ್ತಲೆಯನ್ನು ‘ಇರುಟ್ಟು’ ಎನ್ನುತ್ತಿದ್ದರೇ ಹೊರತು ‘ಮಂಗು’ ಎಂಬುದನ್ನು ಅದಕ್ಕೆ ಎಂದೂ ಬಳಸಲಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ನಮ್ಮ ಗಣಿಗಳಿಗೆ ಬಂದಿತ್ತು. ಬೆಂಗಳೂರಿನ ಬೀದಿಗೆ ಅದು ಬಂದದ್ದು 1905ರಲ್ಲಿ. ಅಂಥ ಊರಿನ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಅದಾದ ಮೇಲೆ ಒಂದು ಸಂಜೆ ಬಾಗಿಲಲ್ಲಿ ಕುಳಿತಿದ್ದ ತಂದೆ ‘ಊರೇ ಮಂಗಿಪೋಚ್ಚು’ ಎಂದರು. ಬೀದಿಯ ದೀಪಗಳೆಲ್ಲ ಉರಿಯುತ್ತಲೇ ಇದ್ದವು.

ಕನ್ನಡ ಶಾಲೆಗೆ ಹೋಗುತ್ತಿದ್ದ ನನ್ನ ತಮ್ಮ ಅದನ್ನು ಕೇಳಿ ‘ಊರೆಲ್ಲ ಮಂಗ ಆಯಿತಾ ಅಪ್ಪಾ’ ಎಂದು ನಕ್ಕಿದ್ದು ಬೇರೆ ಮಾತು.

ಕಡೇ ಬೆಂಚು, ಚಿಂತಾಮಣಿ:
ರೈಲಿನವರೇ, ನಿಮ್ಮ ತಂದೆಯವರ ಆ ಮಾತು ನನ್ನ ಸಾಲಿನಂತೆಯೇ ಇದೆ. ನಾನು ಬರೆದದ್ದು ಕನ್ನಡದಲ್ಲಿ, ಅವರು ಆಡಿದ್ದು ತಮಿಳಿನಲ್ಲಿ, ಅಷ್ಟೇ ವ್ಯತ್ಯಾಸ. ಆದರೆ ನನ್ನ ಹಿರಿಯರು ‘ತಮಿಳಿನಲ್ಲಿ ಸರಿ, ಕನ್ನಡದಲ್ಲಿ?’ ಎಂದು ಕೇಳುವವರೇ.

ಲಾಂದ್ರ, ಮಧುಗಿರಿ:
ಕನ್ನಡದಲ್ಲಿಯೇ ಹೇಳೋಣ. ಉಪನ್ಯಾಸಕರು ನಾಮಪದವನ್ನು ಮಾತ್ರ ನೋಡುತ್ತಿದ್ದಾರೆ. ಅದರ ಜೊತೆಗೆ ಬರುವ ಕ್ರಿಯಾಪದವನ್ನು ನೋಡಿದರೆ ಜಗಳವೇ ಉಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

‘ಮಂಕು ಹಿಡಿಯಿತು’ ಎಂದಾಗ ಅದು ಹುಚ್ಚು ಹಿಡಿಯಿತು, ದೆವ್ವ ಹಿಡಿಯಿತು ಎಂಬ ಸಾಲಿಗೆ ಸೇರುತ್ತದೆ. ‘ಮಂಕು ಬಡಿಯಿತು’ ಎಂದಾಗ ಗರ ಬಡಿಯಿತು ಎಂಬುದರ ಸಾಲಿಗೆ. ಎರಡರಲ್ಲೂ ಹೊರಗಿನಿಂದ ಏನೋ ಬಂದು ಮನುಷ್ಯನ ಬುದ್ಧಿಯನ್ನು ಕಿತ್ತುಕೊಂಡಿತು ಎಂಬ ಭಾವವಿದೆ, ಮತ್ತು ಬೈಯುವಾಗ ನಮ್ಮ ಕಡೆಯವರು ಬಳಸುವುದು ಈ ಎರಡನ್ನೇ: ‘ನಿನಗೇನು ಮಂಕು ಬಡಿದೈತಾ?’ ಇನ್ನು ‘ಮಂಕು ಕವಿಯಿತು’ ಎಂಬುದು ಮೋಡ ಕವಿಯಿತು, ಕತ್ತಲೆ ಕವಿಯಿತು ಎಂಬುದರ ಜೊತೆಯದು. ಬುದ್ಧಿಗೆ ಕವಿದರೆ ಅವಿವೇಕ, ಮನಸ್ಸಿಗೆ ಕವಿದರೆ ವಿಷಾದ. ಏನಕ್ಕೆ ಕವಿಯಿತು ಎಂಬುದನ್ನು ಹೇಳಲೇಬೇಕಾಗುತ್ತದೆ. ಕೊನೆಯದು ‘ಮಂಕಾಯಿತು’. ದೀಪ ಮಂಕಾಯಿತು, ಬಂಗಾರ ಮಂಕಾಯಿತು, ಮುಖ ಮಂಕಾಯಿತು. ಇಲ್ಲಿ ಹೊರಗಿನಿಂದ ಬಂದದ್ದು ಏನೂ ಇಲ್ಲ, ಒಳಗಿದ್ದ ಬೆಳಕು ಇಳಿದಿದೆ. ಕಡೇ ಬೆಂಚಿನವರು ಮೂರು ಕಡೆಯೂ ಬಳಸಿರುವುದು ಈ ಕೊನೆಯದನ್ನು ಮಾತ್ರ.

ನನ್ನ ಹೆಸರಿನ ಕಥೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಈ ಶಬ್ದವನ್ನು ನಾನು ಕಲಿತದ್ದು ನಿಘಂಟಿನಿಂದಲ್ಲ. ನಮ್ಮ ಹಳ್ಳಿಯ ಮನೆಗೆ ಕರೆಂಟು ಬಂದ ಮೇಲೂ ಅದು ಇರುತ್ತಿದ್ದದ್ದಕ್ಕಿಂತ ಹೋಗುತ್ತಿದ್ದದ್ದೇ ಹೆಚ್ಚು. ದೀಪ ಹಚ್ಚುವ ಹೊತ್ತಿಗೆ ಮುಂಚೆ ಅಜ್ಜಿ ಲಾಂದ್ರದ ಗಾಜನ್ನು ತೆಗೆದು, ಒಲೆಯ ಬೂದಿಯನ್ನು ಹಳೆಯ ಸೀರೆಯ ತುಂಡಿಗೆ ಹಾಕಿಕೊಂಡು ಒಳಗೆ ಕೈ ಹೋಗುವಷ್ಟು ದೂರ ಉಜ್ಜುತ್ತಿದ್ದರು. ಅವರ ಕೈ ಪೂರ್ತಿ ಹೋಗುತ್ತಿರಲಿಲ್ಲ. ತಳದ ಭಾಗಕ್ಕೆ ನನ್ನ ಚಿಕ್ಕ ಕೈ ಬೇಕಾಗುತ್ತಿತ್ತು. ‘ಮಂಕು ಹೋಗೋ ತನಕ ಉಜ್ಜವ್ವಾ’ ಎನ್ನುತ್ತಿದ್ದರು. ತಾತ ಹೋದ ವರ್ಷ ಅಜ್ಜಿ ಗಾಜು ಉಜ್ಜುವುದನ್ನೇ ಬಿಟ್ಟರು. ನೆರೆಮನೆಯವರು ‘ನಿಮ್ಮಜ್ಜಿ ಮಂಕಾಗಿಬಿಟ್ಟರು’ ಎಂದಾಗ ನಾನು ಚಿಕ್ಕವಳಾದ್ದರಿಂದ ಅದನ್ನು ಗಾಜಿನ ವಿಷಯವೆಂದೇ ತಿಳಿದು, ಒಬ್ಬಳೇ ಕುಳಿತು ಉಜ್ಜಲು ಹೋಗಿ ಗಾಜು ಒಡೆದೆ. ಅಂದು ಬೈಗುಳ ಬಿತ್ತು. ಆಗ ಬಂದದ್ದು ‘ಮಂಕು ಮುಂಡೇದೇ’ ಎಂಬ ಮಾತು. ಹೀಗಾಗಿ ಒಂದೇ ದಿನದಲ್ಲಿ ಎರಡು ಅರ್ಥವನ್ನೂ ನಾನು ಕಲಿತವಳು, ಮತ್ತು ಎರಡನ್ನೂ ಎಂದೂ ಗೊಂದಲ ಮಾಡಿಕೊಂಡಿಲ್ಲ.

ಉಪನ್ಯಾಸಕರ ಮಂಕುಬೂದಿ ಮಂಕನ್ನು ತರುತ್ತದೆ. ನಮ್ಮ ಅಜ್ಜಿಯ ಒಲೆಬೂದಿ ಅದನ್ನು ಕಳೆಯುತ್ತಿತ್ತು.

ಪಶುವೈದ್ಯ, ಗೌರಿಬಿದನೂರು:
ಲಾಂದ್ರದ ಅಕ್ಕನವರ ಬೂದಿಯ ಮಾತಿಗೆ ನನ್ನದೊಂದು ಚಪ್ಪಾಳೆ.

ತೆಂಗಿನ ನೆರಳು, ತಿಪಟೂರು:
ಲಾಂದ್ರದವರ ಮಾತಿಗೆ ಒಂದು ಸೇರ್ಪಡೆ. ನಮ್ಮ ಕಡೆ ‘ಮಬ್ಬು’ ಮತ್ತು ‘ಮಂಕು’ ಎರಡೂ ಇವೆ, ಮತ್ತು ಜನ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುವುದಿಲ್ಲ. ‘ಮಬ್ಬಿಗೇ ಎದ್ದು ತೋಟಕ್ಕೆ ಹೋದೆ’ ಎಂದರೆ ಇನ್ನೂ ಬೆಳಕು ಹರಿಯದ ಹೊತ್ತು. ಬೆಳಕು ಇನ್ನೂ ಬಂದಿಲ್ಲ, ಬರುವುದಿದೆ. ‘ಮಂಕು’ವಿನಲ್ಲಾದರೋ ಬೆಳಕು ಮೊದಲು ಇತ್ತು, ಈಗ ಇಳಿದಿದೆ. ಬೆಳಗಿನ ಜಾವವನ್ನು ಮಂಕು ಎಂದು ಕರೆದವರನ್ನು ನಾನು ಕಂಡಿಲ್ಲ. ಮೊದಲು ಹೊಳೆದದ್ದು ಮಾತ್ರ ಮಂಕಾಗಲು ಸಾಧ್ಯ. ಹೀಗಿರುವಾಗ ತೀರಿಕೊಂಡವರ ಬಗ್ಗೆ ಬರೆಯಲು ಇದಕ್ಕಿಂತ ಒಪ್ಪುವ ಶಬ್ದ ಯಾವುದು? ‘ಊರು ಮಂಕಾಯಿತು’ ಎಂದರೆ ಮೇಷ್ಟ್ರು ಇದ್ದಾಗ ಊರು ಹೊಳೆಯುತ್ತಿತ್ತು ಎಂದು ಹೇಳಿದಂತೆಯೇ ಆಯಿತು, ಅದನ್ನು ಬೇರೆಯಾಗಿ ಹೇಳಬೇಕಾಗಿಯೇ ಇಲ್ಲ.

ನಿವೃತ್ತ ಉಪನ್ಯಾಸಕ, ತುಮಕೂರು:
ತಿಪಟೂರಿನವರ ಮಾತು ಸೊಗಸಾಗಿದೆ, ಆದರೆ ಸೊಗಸಾದ ಮಾತೆಲ್ಲ ಸರಿಯಾದ ಮಾತಾಗಬೇಕಿಲ್ಲ. ‘ಮಂಕುದೀಪ’ ಎನ್ನುತ್ತೇವೆ. ಅದು ಹಚ್ಚಿದ ಗಳಿಗೆಯಿಂದಲೂ ಮಂಕಾಗಿಯೇ ಉರಿಯುತ್ತದೆ. ಮೊದಲು ಹೊಳೆದು ಆಮೇಲೆ ಇಳಿದದ್ದಲ್ಲ.

ತೆಂಗಿನ ನೆರಳು, ತಿಪಟೂರು:
ಒಪ್ಪಿದೆ. ‘ಮಂಕುದೀಪ’ದಲ್ಲಿ ನನ್ನ ನಿಯಮ ನಿಲ್ಲುವುದಿಲ್ಲ. ಹಾಗಾದರೆ ನನ್ನ ಮಾತನ್ನು ‘ಮಂಕಾಗು’ ಎಂಬ ಕ್ರಿಯಾಪದಕ್ಕೆ ಸೀಮಿತಗೊಳಿಸುತ್ತೇನೆ. ‘ಆಗು’ ಎಂದ ಮೇಲೆ ಮೊದಲು ಹಾಗೆ ಇರಲಿಲ್ಲ ಎಂಬುದು ಅದರೊಳಗೇ ಇದೆಯಲ್ಲ.

ನಿವೃತ್ತ ಉಪನ್ಯಾಸಕ, ತುಮಕೂರು:
ಅಷ್ಟರ ಮಟ್ಟಿಗೆ ನನ್ನ ಆಕ್ಷೇಪವಿಲ್ಲ. ಆದರೂ ಸಂಸ್ಕೃತ ಶಬ್ದಗಳನ್ನು ನೀವೆಲ್ಲ ಇಷ್ಟು ಹಗುರವಾಗಿ ತಳ್ಳುವುದು ನನಗೆ ಸರಿಕಾಣುವುದಿಲ್ಲ. ಕತ್ತಲೆ, ಜಡತೆ, ಅವಿವೇಕ ಇವನ್ನೆಲ್ಲ ಒಂದೇ ಶಬ್ದದಲ್ಲಿ ಕಟ್ಟಿಕೊಟ್ಟ ‘ತಮಸ್ಸು’ ಸಂಸ್ಕೃತದ್ದೇ. ಭಗವದ್ಗೀತೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ ತಮೋಗುಣವು ಪ್ರಮಾದ, ಆಲಸ್ಯ, ನಿದ್ರೆಗಳಿಂದ ಜೀವಿಯನ್ನು ಕಟ್ಟಿಹಾಕುತ್ತದೆ ಎಂದು ಹೇಳಿದೆ. ಅದೇ ಗ್ರಂಥದ ಮೊದಲ ಅಧ್ಯಾಯದ ಹೆಸರು ಅರ್ಜುನನ ವಿಷಾದದ ಮೇಲಿದೆ. ಮಹಾಯುದ್ಧದ ಆರಂಭದಲ್ಲಿ ವೀರನೊಬ್ಬನ ಕೈಯಿಂದ ಬಿಲ್ಲು ಜಾರಿಸಿದ ಶಬ್ದವನ್ನು ಜಗುಲಿಗೆ ಹೊಂದುವುದಿಲ್ಲವೆಂದು ನಗುವುದು ಸರಿಯೇ?

ಲಾಂದ್ರ, ಮಧುಗಿರಿ:
ನಗುತ್ತಿಲ್ಲ ಸ್ವಾಮಿ, ನಿಮ್ಮ ಉದಾಹರಣೆಯನ್ನೇ ಹಿಡಿದು ಕೇಳುತ್ತಿದ್ದೇನೆ. ವಿಷಾದ, ವಿಷಣ್ಣ ಇವೆರಡರ ಧಾತು ‘ಸದ್’, ಕುಸಿದು ಕೂರುವುದು. ಅರ್ಜುನ ಮಾಡಿದ್ದೂ ಅದನ್ನೇ, ರಥದಲ್ಲಿ ಕುಸಿದು ಕುಳಿತ. ಅವನಿಗೆ ಆ ಶಬ್ದ ಅಳತೆ ತೆಗೆದು ಹೊಲಿದಂತಿದೆ. ಅದರಲ್ಲಿರುವುದು ಭಾರ, ಕತ್ತಲೆಯಲ್ಲ. ‘ಖಿನ್ನ’ದಲ್ಲಿ ದಣಿವಿದೆ, ‘ಮ್ಲಾನ’ದಲ್ಲಿ ಬಾಡಿದ ಹೂವಿದೆ. ನಮ್ಮ ‘ಮಂಕು’ವಿನಲ್ಲಿ ಬೆಳಕಿದೆ. ಇವುಗಳಲ್ಲಿ ಯಾವುದೂ ಕೀಳಲ್ಲ, ಆದರೆ ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ಚಿತ್ರ ಬದಲಾಗುತ್ತದೆ. ಜಗುಲಿ ಕುಸಿಯಿತು ಎಂದರೆ ಚಿಂತಾಮಣಿಯವರು ಗಾರೆಯವರನ್ನು ಕರೆಸಬೇಕಾಗುತ್ತದೆ.

ಇನ್ನು, ಕತ್ತಲೆ ಮತ್ತು ಜಡಬುದ್ಧಿ ಎರಡನ್ನೂ ‘ತಮಸ್ಸು’ ಹೊರಬಹುದಾದರೆ, ಕತ್ತಲೆ ಮತ್ತು ಬೇಸರ ಎರಡನ್ನೂ ‘ಮಂಕು’ ಏಕೆ ಹೊರಬಾರದು? ತಮ್ಮ ಸಾಕ್ಷಿ ನಮ್ಮ ಪರವಾಗಿ ನುಡಿಯುತ್ತಿದ್ದಾನೆ.

ರೇಷ್ಮೆಗೂಡು, ಶಿಡ್ಲಘಟ್ಟ:
ನಾನು ಇಷ್ಟೆಲ್ಲ ಓದಿದವನಲ್ಲ. ನಮ್ಮ ಹುಡುಗರಲ್ಲಿ ಈಗ ಯಾರೂ ‘ಮಂಕು’ ಎನ್ನುವುದಿಲ್ಲ. ‘ಯಾಕೋ ಡಲ್ಲಾಗಿದ್ದೀಯಾ’ ಎನ್ನುತ್ತಾರೆ. ಉಳಿದದ್ದಕ್ಕೆಲ್ಲ ‘ಬೇಜಾರು’ ಸಾಕು. ಗೂಡಿನ ರೇಟು ಬಿದ್ದರೂ ಬೇಜಾರು, ಮಳೆ ಬಂದು ಆಟ ನಿಂತರೂ ಬೇಜಾರು, ಅಜ್ಜ ಸತ್ತರೂ ಬೇಜಾರು.

ಮುಳಬಾಗಿಲು ದೋಸೆ:
ಇದು ನಿಜಕ್ಕೂ ಯೋಚಿಸಬೇಕಾದ ಸಂಗತಿ. ‘ಡಲ್’ ಎಂಬ ಶಬ್ದವನ್ನು ನೋಡಿ: ಬಣ್ಣ ಡಲ್, ವ್ಯಾಪಾರ ಡಲ್, ಹುಡುಗ ಓದಿನಲ್ಲಿ ಡಲ್, ಇವತ್ತು ನಾನು ಡಲ್. ನಮ್ಮ ‘ಮಂಕು’ ಹೊತ್ತಿರುವ ಅರ್ಥಗಳನ್ನೇ, ಬುದ್ಧಿಯದ್ದನ್ನೂ ಸೇರಿಸಿ, ಅದು ಹೊತ್ತಿದೆ. ‘ಊರು ಡಲ್ಲಾಯಿತು’ ಎಂದು ಬರೆದಿದ್ದರೆ ಆ ಹಿರಿಯರು ‘ಇಂಗ್ಲಿಷ್ ಬೇಡ’ ಎನ್ನುತ್ತಿದ್ದರೇ ಹೊರತು ‘ಊರನ್ನು ದಡ್ಡ ಎಂದೆಯಾ’ ಎಂದು ಕೇಳುತ್ತಿರಲಿಲ್ಲ. ಹೊರಗಿನಿಂದ ಬಂದ ಶಬ್ದಕ್ಕೆ ಮೂರು ಅರ್ಥವನ್ನು ಬಿಟ್ಟುಕೊಡುವ ನಾವು, ಮನೆಯ ಶಬ್ದಕ್ಕೆ ಒಂದೇ ಅರ್ಥವನ್ನು, ಅದೂ ಬೈಗುಳದ್ದನ್ನು, ಕಟ್ಟಿಹಾಕುತ್ತಿದ್ದೇವೆ. ‘ಬೇಜಾರು’ ಕೂಡ ಪಾರಸಿಯಿಂದ ಬಂದದ್ದೇ. ಆದರೆ ಅದು ಬಂದು ಎಷ್ಟೋ ಕಾಲವಾಗಿದೆ, ಈಗ ಮನೆಯ ಮಗುವೇ, ಅದರ ಮೇಲೆ ನನಗೆ ಬೇಜಾರಿಲ್ಲ.

ಆಪ್ತಸಮಾಲೋಚಕಿ, ಕೋಲಾರ:
ಎಲ್ಲರ ಮಾತನ್ನೂ ಓದಿದೆ. ನನ್ನ ಕೆಲಸದ ಅನುಭವದಿಂದ ಒಂದಿಷ್ಟು ಹೇಳಬೇಕೆನಿಸಿತು. ಹಳ್ಳಿಯಿಂದ ಬರುವವರು ‘ನನಗೆ ಖಿನ್ನತೆ ಇದೆ’ ಎಂದು ಬಾಯಿಬಿಟ್ಟು ಹೇಳುವುದು ಬಹಳ ಅಪರೂಪ. ಅದನ್ನು ಹೇಳುವವರು ಓದಿಯೋ ಟಿವಿ ನೋಡಿಯೋ ಕಲಿತಿರುತ್ತಾರೆ. ಹೆಚ್ಚಿನವರು, ಅವರಿಗಿಂತ ಹೆಚ್ಚಾಗಿ ಜೊತೆಯಲ್ಲಿ ಬಂದ ಮನೆಯವರು, ‘ಮಂಕಾಗವ್ರೆ’ ಎನ್ನುತ್ತಾರೆ. ನಾವು ಆ ಶಬ್ದವನ್ನು ತಿದ್ದುವುದಿಲ್ಲ. ‘ಯಾವಾಗಿನಿಂದ ಮಂಕಾಗಿದ್ದಾರೆ, ಊಟ ಹೇಗಿದೆ, ನಿದ್ದೆ ಹೇಗಿದೆ, ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಕೆಲಸವನ್ನು ಈಗಲೂ ಮಾಡುತ್ತಾರೆಯೇ’ ಎಂದು ಅವರ ಶಬ್ದದಲ್ಲಿಯೇ ಮುಂದುವರಿದರೆ ಮಾತು ತೆರೆದುಕೊಳ್ಳುತ್ತದೆ. ಲಾಂದ್ರದವರ ಅಜ್ಜಿ ಗಾಜು ಉಜ್ಜುವುದನ್ನು ಬಿಟ್ಟದ್ದು ಈ ಕೊನೆಯ ಪ್ರಶ್ನೆಯ ಉತ್ತರವೇ ಆಗಿತ್ತು.

ಗ್ರೀಕರ ವೈದ್ಯದಲ್ಲಿ ದೀರ್ಘವಾದ ವಿಷಾದಕ್ಕೆ ಮೈಯೊಳಗಿನ ಕಪ್ಪು ಪಿತ್ತ ಕಾರಣವೆಂದು ನಂಬಿದ್ದರು. ‘ಮೆಲಂಕಲಿ’ ಎಂಬ ಶಬ್ದದ ಒಳಗೇ ಆ ಕಪ್ಪು ಇದೆ. ಅವರಿಗೆ ಅದು ಒಳಗೆ ಸೇರಿದ ಕಪ್ಪು ವಸ್ತು. ನಮ್ಮವರಿಗೆ ಒಳಗೆ ಸೇರಿದ್ದು ಏನೂ ಇಲ್ಲ, ಇದ್ದ ಹೊಳಪು ಕಡಿಮೆಯಾಗಿದೆ, ಅಷ್ಟೇ. ಕೇಳುವವಳಾಗಿ ನನಗೆ ಎರಡನೆಯದು ಹೆಚ್ಚು ಇಷ್ಟ, ಏಕೆಂದರೆ ಹಾಗೆ ಹೇಳುವ ಮನೆಯವರು ರೋಗಿಯನ್ನು ದೂರ ಇಡುವುದಿಲ್ಲ.

ಆದರೆ ಒಂದು ಎಚ್ಚರಿಕೆಯ ಮಾತು. ಸಾವಿನ ಮನೆಯಲ್ಲಿ ಮಂಕಾಗಿರುವುದು ಸಹಜ. ಎರಡು ವಾರ ಮೀರಿಯೂ ಊಟ, ನಿದ್ದೆ, ಕೆಲಸ ಯಾವುದೂ ಹಳಿಗೆ ಬರದಿದ್ದರೆ, ಬದುಕು ಬೇಡವೆಂಬ ಮಾತು ಬಂದರಂತೂ ಆ ಕ್ಷಣವೇ, ‘ಮಂಕು ತಾನೇ, ಹೋಗುತ್ತದೆ ಬಿಡಿ’ ಎಂದು ಸುಮ್ಮನಿರಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಅಲ್ಲಿಯೂ ‘ಮಂಕಾಗಿದ್ದೇನೆ’ ಎಂದರೆ ಸಾಕು, ಅರ್ಥವಾಗುತ್ತದೆ.

ಗಡಿಮನೆ, ಪಾವಗಡ:
ಸಮಾಲೋಚಕಿಯವರೇ, ನಮ್ಮ ಕಡೆಯವರು ಬಂದು ‘ಮಂಕು’ ಎಂದರೆ ಮಾತ್ರ ಹಠವೋ ಬೇಸರವೋ ಎಂದು ಇನ್ನೊಮ್ಮೆ ಕೇಳಿಕೊಳ್ಳಿ.

ಆಪ್ತಸಮಾಲೋಚಕಿ, ಕೋಲಾರ:
ಶ್ರೀನಿವಾಸಪುರದ ಕಡೆಯವರಿಂದ ಆ ಪಾಠ ಆಗಲೇ ಆಗಿದೆ.

ಕ್ಯಾತ್ಸಂದ್ರ, ತುಮಕೂರು:
ಒಂದು ನೆನಪು ಹೇಳಿ ಹೋಗುತ್ತೇನೆ. 2019ರ ಜನವರಿ 21ರಂದು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು ಲಿಂಗೈಕ್ಯರಾದರು, 111 ವರ್ಷದ ಹಿರಿಯ ಜೀವ. ಆ ಮಧ್ಯಾಹ್ನ ನಾನು ಅಂಗಡಿಯ ಬಾಗಿಲು ಹಾಕುತ್ತಿದ್ದೆ. ಬಿಸಿಲು ಚೆನ್ನಾಗಿಯೇ ಇತ್ತು. ಪಕ್ಕದ ಹೂವಿನಂಗಡಿಯ ಮುದುಕ ಬೀದಿಯ ಕಡೆ ನೋಡುತ್ತಾ ‘ಮಂಕಾಗೋಯ್ತು ಕಣಪ್ಪ’ ಎಂದ. ಏನು ಮಂಕಾಯಿತು ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ವಾಕ್ಯದಲ್ಲಿ ದಡ್ಡತನವನ್ನು ಹುಡುಕುವವರಿಗೆ ನನ್ನಲ್ಲಿ ಉತ್ತರವಿಲ್ಲ.

ನಿವೃತ್ತ ಉಪನ್ಯಾಸಕ, ತುಮಕೂರು:
ಆ ದಿನ ನಾನೂ ಊರಿನಲ್ಲಿದ್ದೆ. ನೀವು ಹೇಳುವುದು ನಿಜ, ಅಂದು ಬೇರೆ ಶಬ್ದ ಒಗ್ಗುತ್ತಿರಲಿಲ್ಲ.

ನನ್ನ ನಿಲುವನ್ನು ಹೀಗೆ ತಿದ್ದಿಕೊಳ್ಳುತ್ತೇನೆ. ‘ಜಗುಲಿ ಮಂಕಾಯಿತು’, ‘ಊರು ಮಂಕಾಯಿತು’ ಇವೆರಡೂ ನಿಲ್ಲಲಿ. ಅಲ್ಲಿ ‘ವಿಷಣ್ಣ’ವೆಂದು ತಿದ್ದಿದ್ದು ಸರಿಯಲ್ಲ. ಆದರೆ ‘ನಾವೂ ಮಂಕಾದೆವು’ ಎಂಬುದರ ಬಗ್ಗೆ ನನ್ನ ಅನುಮಾನ ಪೂರ್ತಿ ಹೋಗಿಲ್ಲ. ಗಣಿತದ ಮೇಷ್ಟ್ರ ಶಿಷ್ಯರು, ಅದರಲ್ಲೂ ಕಡೇ ಬೆಂಚಿನವರು, ‘ನಾವು ಮಂಕಾದೆವು’ ಎಂದರೆ ಓದುವವನ ತುಟಿಯಂಚಿನಲ್ಲಿ ನಗು ಬಂದೇ ಬರುತ್ತದೆ. ಶ್ರದ್ಧಾಂಜಲಿಯಲ್ಲಿ ಆ ನಗು ಬೇಕೇ ಎಂಬುದನ್ನು ಬರೆದವರೇ ತೀರ್ಮಾನಿಸಲಿ.

ಹುಣಸೆತೋಪು, ಸಿರಾ:
ಆ ನಗು ಇರಲಿ ಎಂಬುದು ನನ್ನ ಮತ. ಗಣಿತದ ಮೇಷ್ಟ್ರಿಗೆ ಶಿಷ್ಯರ ವಿಷಯದಲ್ಲಿ ಎರಡು ಅರ್ಥವೂ ಸಲ್ಲುತ್ತಿತ್ತು.

ಕಡೇ ಬೆಂಚು, ಚಿಂತಾಮಣಿ:
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಹಿರಿಯರ ಮನೆಗೆ ಹೋಗಿ ಲಾಂದ್ರದವರ ಕ್ರಿಯಾಪದದ ವಾದವನ್ನು ಮೊದಲು ಮುಂದಿಟ್ಟೆ. ಅವರು ಒಪ್ಪಲಿಲ್ಲ. ಆಮೇಲೆ ತಿಪಟೂರಿನವರ ಮಾತನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೊನೆಗೆ ಪಶುವೈದ್ಯರ ಕುರಿಯ ಮಾತು ಹೇಳಿದಾಗ ‘ನಮ್ಮ ಮನೆಯ ಹಸುವಿಗೂ ಹೋದ ವಾರ ಹಾಗೇ ಆಗಿತ್ತು’ ಎಂದು ಅದರ ಕಥೆಯನ್ನು ಅರ್ಧ ಗಂಟೆ ಹೇಳಿ, ಹೇಳುವಾಗ ನಾಲ್ಕು ಬಾರಿ ‘ಮಂಕಾಗಿತ್ತು’ ಎಂದರು. ನಾಲ್ಕನೆಯ ಸಲ ತಾವೇ ತಡೆದು ನಿಂತು ಪೆನ್ನು ತೆಗೆದುಕೊಂಡರು. ಜಗುಲಿಯೂ ಊರೂ ಉಳಿದವು. ‘ನಾವೂ ಮಂಕಾದೆವು’ ಎಂಬುದನ್ನು ನಾನೇ ಹೊಡೆದುಹಾಕಿದೆ. ಉಪನ್ಯಾಸಕರು ಹೇಳಿದ ನಗುವಿನ ಭಯದಿಂದಲ್ಲ. ಮೂರು ಬಾರಿ ಒಂದೇ ಶಬ್ದ ಬಂದರೆ ಮೂರನೆಯದಕ್ಕೆ ಹೊಳಪು ಉಳಿಯುವುದಿಲ್ಲ ಎಂದು ಗಟ್ಟಿಯಾಗಿ ಓದಿದಾಗ ಗೊತ್ತಾಯಿತು.

ಲಾಂದ್ರ, ಮಧುಗಿರಿ:
ಅಂದರೆ ಇಷ್ಟು ಜನ ಇಷ್ಟು ಬರೆದು, ಗೆದ್ದದ್ದು ಗೌರಿಬಿದನೂರಿನ ಕುರಿ.

ಪಶುವೈದ್ಯ, ಗೌರಿಬಿದನೂರು:
ಕುರಿ ಈಗ ಗುಣವಾಗಿ ಮೇಯುತ್ತಿದೆ. ಸುದ್ದಿ ತಲುಪಿಸುತ್ತೇನೆ.

ಕಡೇ ಬೆಂಚು, ಚಿಂತಾಮಣಿ:
ಇದೀಗ ಮುದ್ರಣಾಲಯದಿಂದ ಕೊನೆಯ ಕರಡು ಬಂತು. ಅಕ್ಷರ ಜೋಡಿಸಿದ ಹುಡುಗ ‘ಮಂಕಾಯಿತು’ ತಪ್ಪೆಂದು ತಿಳಿದು ತಾನೇ ತಿದ್ದಿಕೊಟ್ಟಿದ್ದಾನೆ. ಈಗ ಅಲ್ಲಿ ‘ಮೇಷ್ಟ್ರು ಹೋದ ಮೇಲೆ ಊರು ಮಂಕಿಯಾಯಿತು’ ಎಂದಿದೆ. ಹೆಲ್ಮೆಟ್ ಹಾಕಿಕೊಂಡು ಹೊರಟಿದ್ದೇನೆ.

ಮಾರಿಕುಪ್ಪಂ ರೈಲು, ಕೆಜಿಎಫ್:
ನನ್ನ ತಮ್ಮನಿಗೆ ತಿಳಿಸುತ್ತೇನೆ.